ಟಿಶ್ಯೂ ಪ್ಯಾಕೆಟ್ ಇಟ್ಟ ಜಾಗ

ಸಿಂಗಪುರದ ಕಲ್ಲಾಂಗಿನಲ್ಲಿ ಹಳೆಯ ಸರ್ಕಾರಿ ವಸತಿ ಬ್ಲಾಕೊಂದರ ನಾಲ್ಕನೇ ಮಹಡಿಯಲ್ಲಿ, ಅಡುಗೆಮನೆಯ ಕಿಟಕಿ ಸರಳಿಗೆ ಲೇಸು ಕಟ್ಟಿದ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ಒಣಗುತ್ತಿರುತ್ತಿತ್ತು. ಕೆಳಗೆ ನಿಂತು ತಲೆಯೆತ್ತಿ ನೋಡಿ, ಶೂ ಇದ್ದರೆ ಆಂಟಿ ಮನೆಯಲ್ಲಿದ್ದಾರೆ, ಇಲ್ಲದಿದ್ದರೆ ಊರು ಸುತ್ತಲು ಹೋಗಿದ್ದಾರೆ ಎಂದು ತಿಳಿದುಕೊಳ್ಳಬಹುದಿತ್ತು. ಫೋನ್ ಮಾಡಿ ಕೇಳುವ ಕೆಲಸವೇ ಇರಲಿಲ್ಲ. ಹೋದ ವರ್ಷ ಒಂದು ಮಧ್ಯಾಹ್ನ ಶೂ ಕಿಟಕಿಯಲ್ಲಿತ್ತು, ಆಂಟಿ ಮನೆಯಲ್ಲೂ ಇದ್ದರು, ಬಾಗಿಲು ಮಾತ್ರ ತೆಗೆಯಲಿಲ್ಲ. ಹುಳಿಯನ್ನ ಉಂಡು ಮಲಗಿದವರು ನಿದ್ದೆಯಲ್ಲೇ ಹೊರಟುಹೋಗಿದ್ದರು. ಎಂಬತ್ತು ದಾಟಿತ್ತು. ಅಳಲೆಂದು ಬಂದವರೆಲ್ಲ ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವರ ಒಂದೊಂದು ಕತೆ ಹೇಳಿ ನಗುತ್ತ ಕೂತರು. ಹೆಚ್ಚು ನಗಿಸಿದವಳು ನಾನೇ ಇರಬೇಕು, ಏಕೆಂದರೆ ಲಿಸ್ಬನ್ನಿನ ಕತೆ ನನ್ನ ಹತ್ತಿರವಿತ್ತು.

ಅವರ ಹೆಸರು ನನಗೆ ಗೊತ್ತಿತ್ತು, ಆದರೆ ಒಂದು ಸಲವೂ ಬಳಸಿದ ನೆನಪಿಲ್ಲ. ಸಿಂಗಪುರದಲ್ಲಿ ತರಕಾರಿಯವಳೂ ಆಂಟಿ, ಗೆಳತಿಯ ತಾಯಿಯೂ ಆಂಟಿ. ಮೈಸೂರಿನ ಒಂಟಿಕೊಪ್ಪಲಿನವರು, ಹಡಗುಕಟ್ಟೆಯಲ್ಲಿ ಇಂಜಿನಿಯರಾಗಿದ್ದ ಗಂಡನ ಜೊತೆ ಬಹಳ ಹಿಂದೆ ಬಂದವರು. ಗಂಡ ತೀರಿಕೊಂಡ ಮೇಲೂ ಅದೇ ಮನೆಯಲ್ಲಿ ಒಬ್ಬರೇ ಇದ್ದರು. ಒಬ್ಬಳೇ ಮಗಳು ಸುಮಾ. ಇಲ್ಲೇ ಹುಟ್ಟಿ ಬೆಳೆದವಳು, ರಾಫೆಲ್ಸ್ ಪ್ಲೇಸಿನ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವಳು. ಆಂಟಿ ನನಗೆ ಸಿಕ್ಕಿದ್ದು ಅವಳಿಂದ, ಒಂದು ಯುಗಾದಿಯ ಒಬ್ಬಟ್ಟಿನ ಊಟಕ್ಕೆ ಹೋದಾಗ.

ನನಗೆ ನಡಿಗೆ ಎಂದರೆ ಲಿಫ್ಟ್ ಕೆಟ್ಟಾಗ ಮಾಡುವ ಕೆಲಸ. ಒಬ್ಬಟ್ಟು ತಿಂದ ಮೇಲಂತೂ ಕೇಳುವುದೇ ಬೇಡ. ಆದರೆ ಊಟವಾಗುತ್ತಿದ್ದಂತೆ ಆಂಟಿ ನೂಲಿನ ಸೀರೆಯ ನೆರಿಗೆಯನ್ನು ಗೇಣುದ್ದ ಮೇಲಕ್ಕೆ ಸಿಕ್ಕಿಸಿ, ಶೂ ಹಾಕಿ, ಕೊಡೆ ಹಿಡಿದು ಬಾಗಿಲಲ್ಲಿ ನಿಂತೇಬಿಟ್ಟರು.

“ಬಾ, ಊರು ತೋರಿಸ್ತೀನಿ.”

“ಐದು ವರ್ಷದಿಂದ ಇಲ್ಲೇ ಇದೀನಿ ಆಂಟಿ, ನೋಡಿದೀನಿ.”

“ನೀನು ನೋಡಿರೋದು ಎಮ್‌ಆರ್‌ಟಿ ರೈಲು ಸ್ಟೇಷನ್ನು ಕಣೇ. ಊರು ಸ್ಟೇಷನ್ನಿಂದ ಆಚೆ ಇರತ್ತೆ.”

ಬಿಸಿಲಿರಲಿ ಮೋಡವಿರಲಿ, ಆ ಕೊಡೆ ಬಿಚ್ಚಿದ್ದನ್ನು ನಾನು ಕಂಡದ್ದು ಕಡಿಮೆ. ಊರಿಕೊಂಡು ನಡೆಯುವುದಕ್ಕೇ ಅದು ಇದ್ದದ್ದು. ಕೋಲು ತಗೊಳ್ಳಿ ಎಂದರೆ ಸಿಟ್ಟು ಬರುತ್ತಿತ್ತು. “ಕೋಲು ಹಿಡಿದ್ರೆ ಪಾಪ ಮುದುಕಿ ಅಂತಾರೆ. ಕೊಡೆ ಹಿಡಿದ್ರೆ, ಮುಂದಾಲೋಚನೆ ಇರೋ ಹೆಂಗಸು ಅಂತಾರೆ.”

ಊರು ನೋಡುವುದಕ್ಕೆ ಅವರದೇ ಒಂದು ವಿಧಾನವಿತ್ತು. ಕಟ್ಟಡ ನೋಡುತ್ತಿರಲಿಲ್ಲ, ಒಣಗಲು ಹಾಕಿದ ಬಟ್ಟೆ ನೋಡುತ್ತಿದ್ದರು. ಇಲ್ಲಿನ ಹಳೆಯ ಬ್ಲಾಕುಗಳಲ್ಲಿ ಅಡುಗೆಮನೆಯ ಕಿಟಕಿಯಾಚೆ ಬಿದಿರ ಗಳಗಳನ್ನು ಸಿಕ್ಕಿಸಿ ಬಟ್ಟೆ ಒಣಗಿಸುತ್ತಾರೆ. ಆಂಟಿ ಕೆಳಗೆ ನಿಂತು ಅದನ್ನು ದಿನಪತ್ರಿಕೆಯಂತೆ ಓದುತ್ತಿದ್ದರು. “ನೋಡು, ಆರನೇ ಮಹಡೀಲಿ ಹಸಿರು ಯೂನಿಫಾರಂ. ಆ ಮನೆ ಹುಡುಗ ನ್ಯಾಷನಲ್ ಸರ್ವಿಸ್‌ಗೆ ಸೇರಿದಾನೆ, ಮಿಲಿಟರಿ ಕಣೇ. ರಜಕ್ಕೆ ಬಂದಿದಾನೆ. ಅವರಮ್ಮ ಇವತ್ತು ಚಿಕನ್ ರೈಸ್ ಮಾಡಿರ್ತಾಳೆ. ಅದರ ಪಕ್ಕ ನೋಡು, ಸಣ್ಣ ಸಣ್ಣ ಲಂಗೋಟಿ. ಹೋದ ವಾರ ಇರ್ಲಿಲ್ಲ!” ಯಾರದೋ ಮನೆಯ ಮಗುವಿಗೆ ಅವರಿಗಾಗುತ್ತಿದ್ದ ಸಂತೋಷ ನೋಡಿ ನನಗೂ ಸಂತೋಷವಾಗುತ್ತಿತ್ತು, ಕಾಲು ನೋಯುತ್ತಿದ್ದರೂ.

ಎರಡನೆಯ ವಿಷಯ ಟಿಶ್ಯೂ ಪ್ಯಾಕೆಟ್. ಸಾಲು ಸಾಲು ಊಟದಂಗಡಿಗಳಿರುವ ಹಾಕರ್ ಸೆಂಟರಿನಲ್ಲಿ ಮೊದಲು ಟೇಬಲ್ ಹಿಡಿಯಬೇಕು, ಆಮೇಲೆ ಊಟ ತರಲು ಹೋಗಬೇಕು. ಟೇಬಲ್ ಕಾಯಲು ಯಾರನ್ನೂ ಕೂರಿಸಬೇಕಿಲ್ಲ, ಒಂದು ಟಿಶ್ಯೂ ಪ್ಯಾಕೆಟ್ ಇಟ್ಟರೆ ಸಾಕು. ಅದಕ್ಕೆ ಇಲ್ಲಿ ‘ಚೋಪ್’ ಮಾಡುವುದು ಎನ್ನುತ್ತಾರೆ. ಊರಿಗೆ ಊರೇ ಹಸಿದು ತಟ್ಟೆ ಹಿಡಿದು ನಿಂತಿದ್ದರೂ ಚೋಪ್ ಆದ ಟೇಬಲ್ಲನ್ನು ಯಾರೂ ಮುಟ್ಟುವುದಿಲ್ಲ. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆಯುವುದುಂಟಲ್ಲ, ಅದರ ಸುಸಂಸ್ಕೃತ ರೂಪ ಇದು. ವ್ಯತ್ಯಾಸವೇನೆಂದರೆ ಇಲ್ಲಿ ಜಗಳವಾಗುವುದಿಲ್ಲ. ಆಂಟಿಗೆ ಈ ಪದ್ಧತಿಯ ಮೇಲೆ ಬಹಳ ಅಭಿಮಾನ. ಅವರ ಕೈಚೀಲದಲ್ಲಿ ಹುರಿಗಡಲೆಯ ಡಬ್ಬಿ ಮರೆತರೂ ಟಿಶ್ಯೂ ಪ್ಯಾಕೆಟ್ ಮರೆಯುತ್ತಿರಲಿಲ್ಲ.

ಹೀಗಿರುವಾಗ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಮಣಿಕಟ್ಟಿಗೆ ಪಟ್ಟಿ ಬಿತ್ತು, ವಾಸಿಯೂ ಆಯಿತು. ಆದರೆ ಸುಮಾಳ ಭಯ ವಾಸಿಯಾಗಲಿಲ್ಲ. ಅವಳ ಕಾಂಡೋ ಫ್ಲ್ಯಾಟ್ ಇರುವುದು ದ್ವೀಪದ ಇನ್ನೊಂದು ತುದಿಯ ವುಡ್‌ಲ್ಯಾಂಡ್ಸಿನಲ್ಲಿ. ಕಲ್ಲಾಂಗಿನ ಮನೆ ಮಾರಿ ಅಮ್ಮ ತನ್ನ ಜೊತೆ ಬಂದು ಇರಬೇಕು ಎಂದು ಹಟ ಹಿಡಿದಳು.

“ಅಮ್ಮಾ, ನೆಕ್ಸ್ಟ್ ಟೈಮ್ ಬಿದ್ರೆ ಯಾರ್ ಬರ್ತಾರೆ? ನಾನು ಆಫೀಸಲ್ಲಿ ಕೂತು ಎವ್ರಿ ಅವರ್ ಭಯ ಪಡ್ಬೇಕಾ? ಯು ನೆವರ್ ಲಿಸನ್ ಲಾ!” ಇಲ್ಲಿ ಹುಟ್ಟಿದವರ ಮಾತಿನ ಕೊನೆಗೆ ಇಂಥದೊಂದು ‘ಲಾ’ ಅಂಟಿಕೊಂಡೇ ಇರುತ್ತದೆ.

“ನಿಮ್ಮ ಕಾಂಡೋದಲ್ಲಿ ಬಟ್ಟೆ ಹೊರಗೆ ಒಣಗಿಸೋ ಹಾಗೇ ಇಲ್ಲ. ಬಟ್ಟೇನೇ ಕಾಣದಿದ್ರೆ ಒಳಗೆ ಜನ ಇದಾರೆ ಅಂತ ಹೇಗೆ ತಿಳ್ಕೋಬೇಕು? ಅಲ್ಲಿಂದ ಸ್ವಲ್ಪ ಜೋರಾಗಿ ವಾಕ್ ಹೋದ್ರೆ ಮಲೇಷ್ಯಾನೇ ಬಂದುಬಿಡತ್ತೆ. ದಿನಾ ಪಾಸ್‌ಪೋರ್ಟ್ ಇಟ್ಕೊಂಡು ವಾಕ್ ಹೋಗ್ಲಾ?”

ನಗುನಗುತ್ತಲೇ ಹೇಳಿದರು. ಆದರೆ ಕಾಫಿ ಲೋಟ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದವರು ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತಿದ್ದನ್ನು ನಾನು ನೋಡಿದೆ. ಆ ಮನೆ ಬಿಟ್ಟರೆ ಈ ಆಂಟಿ ಇರುವುದಿಲ್ಲ, ಬೇರೆ ಯಾರೋ ಇರುತ್ತಾರೆ ಎಂದು ನನಗೆ ಖಚಿತವಾಗಿ ಅನ್ನಿಸಿತು. ಸುಮಾಳದೂ ತಪ್ಪಿರಲಿಲ್ಲ. ಬಚ್ಚಲಲ್ಲಿ ಬಿದ್ದ ತಾಯಿಯನ್ನು ಅಷ್ಟು ದೂರದಿಂದ ಓಡಿಬಂದು ಎತ್ತಿದವಳು ಅವಳು.

ಲಿಸ್ಬನ್ ನಡುವೆ ಬಂದದ್ದು ಎದುರು ಮನೆಯ ಮುದುಕಿಯಿಂದ. ಆಕೆ ಯುರೇಷಿಯನ್, ಪೂರ್ವಿಕರು ಯಾವ ಕಾಲದಲ್ಲೋ ಪೋರ್ಚುಗಲ್ಲಿನಿಂದ ಮಲಕ್ಕಾಕ್ಕೆ ಬಂದವರು. “ನಮ್ಮೂರು ಲಿಸ್ಬನ್, ಬೀದಿ ತುಂಬ ಬಟ್ಟೆ ಒಣಗುತ್ತಂತೆ” ಎಂದು ಕಾರಿಡಾರಿನಲ್ಲಿ ಕೂತು ಆಂಟಿಗೆ ಹೇಳುತ್ತಲೇ ಇರುತ್ತಿದ್ದಳು, ನೋಡಿದವಳಲ್ಲ. ಅವಳ ಕಾಲು ಪೂರ್ತಿ ನಿಂತುಹೋಗಿತ್ತು. ಆಂಟಿಗೆ ಬಟ್ಟೆ ಒಣಗುವ ಊರು ಎಂದ ಮೇಲೆ ಬೇರೆ ಆಕರ್ಷಣೆ ಬೇಕಿರಲಿಲ್ಲ. ಮಗಳ ಜೊತೆ ಪಂದ್ಯ ಕಟ್ಟಿದರು.

“ಆ ಊರೆಲ್ಲ ಗುಡ್ಡ, ಮೆಟ್ಟಿಲು. ಅಲ್ಲಿ ಬೀಳದೆ ನಡೆದು ಬಂದ್ರೆ ಮನೆ ಮಾರೋ ಮಾತು ಎತ್ತಬಾರ್ದು. ಬಿದ್ರೆ, ನೀನು ಹೇಳಿದ ದಿನ ಶಿಫ್ಟ್ ಆಗ್ತೀನಿ.”

ಸುಮಾ ಒಪ್ಪಿದಳು. ಅವಳಿಗೆ ರಜೆ ಸಿಗದಿದ್ದರಿಂದ ನನ್ನನ್ನು ಕಾವಲಿಗೆ ನೇಮಿಸಿದಳು. ಎದುರು ಮನೆಯಾಕೆ ಕೇಳಿದ್ದು ಇಷ್ಟೇ, ಅಲ್ಲಿಂದ ಒಂದು ಬಟ್ಟೆ ಕ್ಲಿಪ್ಪು ತಂದುಕೊಡು ಎಂದು.

ಲಿಸ್ಬನ್ನಿನಲ್ಲಿ ಪ್ರವಾಸಿಗಳೆಲ್ಲ ಹಳದಿ ಟ್ರಾಮಿಗೆ ಸಾಲು ನಿಂತಿದ್ದರು. ನಾನೂ ಆಸೆಯಿಂದ ಆ ಸಾಲಿನ ಕಡೆ ಹೆಜ್ಜೆ ಹಾಕಿದೆ. “ಕೂತ್ಕೊಂಡು ನೋಡೋಕೆ ಇದೇನು ದಸರಾ ಮೆರವಣಿಗೇನಾ? ನಡಿ” ಎಂದು ಕೊಡೆಯ ತುದಿಯಿಂದ ಗುಡ್ಡ ತೋರಿಸಿದರು. ಅಲ್ಲಿನ ಹಳೆಯ ಮನೆಗಳ ಹೊರಗೋಡೆಗೆಲ್ಲ ನೀಲಿ ಬಿಳಿ ಹೆಂಚುಗಳು, ಹೂಬಳ್ಳಿಯ ಚಿತ್ತಾರ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಆಂಟಿ ಗೋಡೆ ಸವರಿ ತೀರ್ಪು ಕೊಟ್ಟರು: “ಬುದ್ಧಿವಂತರು ಕಣೇ. ಟೈಲ್ಸ್‌ನ ನೆಲಕ್ಕೆ ಹಾಕ್ದೆ ಗೋಡೆಗೆ ಹಾಕಿದಾರೆ. ಯಾರೂ ಜಾರಲ್ಲ.” ಪುಟ್ಟ ಕಪ್ಪಿನ ಕಡುಕಾಫಿ ಕುಡಿದು, “ನಮ್ಮ ಡಿಕಾಕ್ಷನ್ನೇ. ಪಾಪ, ಹಾಲು ಹಾಕೋದು ಮರೆತಿದಾರೆ” ಎಂದರು. ದಾಲ್ಚಿನ್ನಿ ಉದುರಿಸಿದ ಬಿಸಿಬಿಸಿ ಕಸ್ಟರ್ಡ್ ಟಾರ್ಟೊಂದನ್ನು ಮೆಚ್ಚಿ ತಿಂದು ಮುಗಿಸಿದ ಮೇಲೆ ಅದರಲ್ಲಿ ಮೊಟ್ಟೆ ಇದೆ ಎಂದು ನಾನು ಹೇಳಿದೆ. “ತಿಂದಾದ್ಮೇಲೆ ಹೇಳಿದ್ಯಲ್ಲ, ಒಳ್ಳೇ ಹುಡುಗಿ” ಎಂದು ಬೆನ್ನು ತಟ್ಟಿದರು.

ಮೊರಾರಿಯಾ ಎಂಬ ಕೇರಿಯಲ್ಲಿ ನಮ್ಮ ಕಡೆಯವರ ದಿನಸಿ ಅಂಗಡಿಗಳು ಸಿಕ್ಕವು. ಕರಿಬೇವಿನ ವಾಸನೆ ಬಂದದ್ದೇ ಆಂಟಿ ಒಳಗೆ ನುಗ್ಗಿ, ಬಾಂಗ್ಲಾದೇಶದ ಅಂಗಡಿಯವನ ಜೊತೆ ಹಿಂದಿಯಲ್ಲಿ ಅರ್ಧ ಗಂಟೆ ಹರಟಿ, ಏನನ್ನೂ ಕೊಳ್ಳದೆ ಹೊರಬಂದರು. ಗ್ರಾಸಾ ಗುಡ್ಡದ ನೆತ್ತಿಯಲ್ಲಿ ಎಲ್ಲರೂ ನದಿಯ ಕಡೆ ಮುಖ ಮಾಡಿ ಫೋಟೋ ತೆಗೆಯುತ್ತಿದ್ದರೆ ಇವರು ನದಿಗೆ ಬೆನ್ನು ಹಾಕಿ ಹಿಂದಿನ ಮನೆಗಳ ಬಾಲ್ಕನಿ ನೋಡುತ್ತಿದ್ದರು. ಆಲ್ಫಾಮಾ ಎಂಬ ಹಳೇ ಕೇರಿಗೆ ಬಂದ ಮೇಲಂತೂ ಅವರನ್ನು ಹಿಡಿಯುವವರೇ ಇರಲಿಲ್ಲ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕಾದಂಥ ಓಣಿಗಳು, ತಲೆಯ ಮೇಲೆ ಕಿಟಕಿ ಕಿಟಕಿಗೂ ಹಗ್ಗ, ಹಗ್ಗದ ತುಂಬ ಹಾಸಿಗೆ ಹೊದಿಕೆ, ಕಾಲುಚೀಲ, ಲಂಗ. ಆಂಟಿ ಓದಿದ್ದೇ ಓದಿದ್ದು.

ಅಲ್ಲೇ ಒಂದು ಮೆಟ್ಟಿಲ ಸಾಲಿನ ಪಕ್ಕ, ಪುಟ್ಟ ಕಾಫಿ ಅಂಗಡಿಯ ಹೊರಗೆ ಒಂದೇ ಒಂದು ಟೇಬಲ್ ಖಾಲಿ ಇತ್ತು. ಕಾಫಿಗೆ ಒಳಗೆ ಹೋಗಿ ಹೇಳಬೇಕು. ಆಂಟಿ ಟೇಬಲ್ಲಿನ ಮಧ್ಯದಲ್ಲಿ ಟಿಶ್ಯೂ ಪ್ಯಾಕೆಟ್ ಇಟ್ಟು, “ಬಾ” ಎಂದರು. ನಾನೂ ಹೋದೆ. ನಾವು ಸಿಂಗಪುರದಲ್ಲಿಲ್ಲ ಎನ್ನುವುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಕಾಫಿ ಹಿಡಿದು ಹೊರಗೆ ಬಂದರೆ, ಟೋಪಿ ಹಾಕಿದ ಒಬ್ಬ ಮುದುಕಪ್ಪ ಒಂದು ಕುರ್ಚಿಯಲ್ಲಿ ಆರಾಮವಾಗಿ ಕೂತಿದ್ದಾನೆ. ಪ್ಯಾಕೆಟ್ ಒಡೆದಿದೆ. ಒಂದರಿಂದ ಟೇಬಲ್ ಒರೆಸಿಯಾಗಿದೆ, ಒಂದರಿಂದ ಕನ್ನಡಕ ಒರೆಸಿಯಾಗಿದೆ, ಮೂರನೆಯದರಲ್ಲಿ ಮೂಗು ಸೀಟುತ್ತಿದ್ದಾನೆ.

“ಹಲೋ ಅಂಕಲ್! ದಿಸ್ ಟೇಬಲ್ ಚೋಪ್ ಆಲ್ರೆಡಿ ಲಾ!” ಎಂದು ಆಂಟಿ ಕೊಡೆ ಎತ್ತಿದರು.

ಮುದುಕಪ್ಪ ಎದ್ದು ಟೋಪಿ ತೆಗೆದು ವಂದಿಸಿದ. ಅಂಗಡಿಯವರೇ ಇಟ್ಟ ಉಪಚಾರ ಎಂದುಕೊಂಡಿದ್ದನೋ ಏನೋ, ಪ್ಯಾಕೆಟ್ಟಿನಿಂದ ಒಂದು ಟಿಶ್ಯೂ ಎಳೆದು ಬಹಳ ಗೌರವದಿಂದ ಆಂಟಿಗೇ ಕೊಟ್ಟ. ತಮ್ಮ ಟಿಶ್ಯೂವನ್ನು ತಾವೇ ದಾನ ತೆಗೆದುಕೊಂಡು ಆಂಟಿ ಎತ್ತಿದ ಕೊಡೆ ಕೆಳಗಿಳಿಸಿದರು. ಆಮೇಲೆ ನಗು ಶುರುವಾಯಿತು ನೋಡಿ, ಕಾಫಿ ತುಳುಕಿತು, ಕಣ್ಣಲ್ಲಿ ನೀರು ಬಂತು. ಅದೇ ಟಿಶ್ಯೂವಿನಿಂದ ಕಣ್ಣೊರೆಸಿಕೊಂಡು ಎದುರು ಕುರ್ಚಿಯಲ್ಲಿ ಕೂತುಬಿಟ್ಟರು. ನಾನು ನಿಂತೇ ಕಾಫಿ ಕುಡಿದೆ. ಅವನು ಪೋರ್ಚುಗೀಸಿನಲ್ಲಿ ಹೇಳುತ್ತಿದ್ದ, ಇವರು ಕನ್ನಡದಲ್ಲಿ ಹ್ಞೂಂಗುಡುತ್ತಿದ್ದರು. ಇಬ್ಬರಿಗೂ ಕಿವಿ ಸ್ವಲ್ಪ ಮಂದವಾದ್ದರಿಂದ ಭಾಷೆ ಅಡ್ಡ ಬರಲಿಲ್ಲ. ಅವನು ಮೆಟ್ಟಿಲ ಮೇಲಿನ ಒಂದು ಕಿಟಕಿ ತೋರಿಸಿ ತನ್ನ ಎದೆ ತಟ್ಟಿಕೊಂಡ. ಹಗ್ಗದಲ್ಲಿ ಅಂಗಿಗಳಿದ್ದವು, ಜೊತೆಗೆ ಹೂವಿನ ಚಿತ್ರದ ಒಂದು ಮಾಸಿದ ಏಪ್ರನ್.

“ಹೆಂಡತಿ ಹೋಗಿದಾಳೆ, ಒಬ್ಬನೇ ಇದಾನೆ” ಎಂದರು ಆಂಟಿ ನನ್ನ ಕಡೆ ತಿರುಗಿ.

“ಹೇಗೆ ಹೇಳ್ತೀರಾ?”

“ಅಂಗೀನ ಭುಜಕ್ಕೆ ಕ್ಲಿಪ್ ಹಾಕಿದಾನೆ ನೋಡು. ಹೆಂಗಸಿದ್ದಿದ್ರೆ ತಲೆಕೆಳಗು ಹಾಕ್ತಿದ್ಲು. ಏಪ್ರನ್ ಅವಳದ್ದು, ಈಗ ಇವನು ಕಟ್ಕೋತಾನೆ.” ಸ್ವಲ್ಪ ಹೊತ್ತು ಆ ಕಡಿದಾದ ಮೆಟ್ಟಿಲುಗಳನ್ನು ನೋಡುತ್ತಿದ್ದರು. “ದಿನಾ ಹತ್ತಿ ಇಳೀತಾನೆ. ಇವನಿಗೆ ಮಗಳಿಲ್ಲ ಅನ್ಸತ್ತೆ, ಪುಣ್ಯವಂತ.” ಎಂದವರು ಕೂಡಲೇ ಕೆನ್ನೆ ಬಡಿದುಕೊಂಡರು. “ಬಿಡ್ತು ಅನ್ನು. ನನ್ನ ಸುಮಾ ಬಂಗಾರ.”

ಮರುದಿನ ಬೆಳಗ್ಗೆ ಅವರು ಬಿದ್ದರು. ಒಂದು ಹನಿ ಮಳೆ ಬಂದು ನಿಂತಿತ್ತು, ಕಾಲು ತುಳಿದು ತುಳಿದು ನುಣುಪಾದ ಬಿಳಿ ಕಲ್ಲಿನ ಓಣಿ. ಮೇಲಿನ ಕಿಟಕಿಯಿಂದ ಒಂದು ಬಟ್ಟೆ ಕ್ಲಿಪ್ಪು ಟಪ್ಪೆಂದು ಎದುರಿಗೇ ಬಿತ್ತು. ಎದುರು ಮನೆಯಾಕೆಗೆ ಬೇಕಾದದ್ದು ಅದೇ ಅಲ್ಲವೇ! ಆಂಟಿ ಹುರುಪಿನಿಂದ ಬಗ್ಗಿದರು, ಶೂ ಜಾರಿತು, ಕೊಡೆ ಉರುಳಿಕೊಂಡು ಇಳಿಜಾರಿಗೆ ಹೋಯಿತು. ಕಾವಲಿಗೆಂದು ಬಂದ ನಾನು ಆಗ ಗೋಡೆಯ ಹೆಂಚಿನ ಫೋಟೋ ತೆಗೆಯುತ್ತಿದ್ದೆ. ಸದ್ದು ಕೇಳಿ ತಿರುಗಿ ಓಡಿದೆ.

ಮೇಲಿನ ಕಿಟಕಿಯ ಹೆಂಗಸು ಕೂಗಿಕೊಂಡು ಒಂದು ಕುರ್ಚಿಯನ್ನೇ ಹೊತ್ತುಕೊಂಡು ಇಳಿದು ಬಂದಳು. ಆಂಟಿ ಕೈ ಅಡ್ಡ ಹಿಡಿದು ನಮ್ಮಿಬ್ಬರನ್ನೂ ತಡೆದರು. “ತಡೀರಿ. ಎತ್ತೋರು ಬಂದ್ರೆ ಏಳೋದು ಮರ್ತುಹೋಗತ್ತೆ.” ಮೊದಲು ಮಂಡಿಯ ಮೇಲೆ ಬಂದರು, ಆಮೇಲೆ ಗೋಡೆ ಹಿಡಿದರು, ಆಮೇಲೆ ನಿಂತರು. ಅಂಗೈ ತರಚಿತ್ತು, ಕ್ಲಿಪ್ಪು ಮಾತ್ರ ಮುಷ್ಟಿಯಲ್ಲೇ ಇತ್ತು. ಆ ಹೆಂಗಸು ಗಾಯ ತೊಳೆದು, ವಿಷಯ ಏನೆಂದು ಕೈಸನ್ನೆಯಲ್ಲಿ ತಿಳಿದು, ಮನೆಯಲ್ಲಿದ್ದ ಕ್ಲಿಪ್ಪುಗಳನ್ನೆಲ್ಲ ಬಾಚಿ ಆಂಟಿಯ ಚೀಲಕ್ಕೆ ಸುರಿದಳು.

“ಸುಮಾಗೆ ಹೇಳೋದು ಬೇಡ ಆಂಟಿ” ಎಂದೆ ನಾನು.

“ಯಾಕೆ? ಪಂದ್ಯ ಕಟ್ಟಿದೋಳು ನಾನು. ಸೋತಿದ್ದು ಹೇಳೋಕೂ ನಾನೇ ಬೇಕು.”

ಅಲ್ಲಿ ಮಧ್ಯಾಹ್ನ, ಸಿಂಗಪುರದಲ್ಲಿ ಮಲಗುವ ಹೊತ್ತು. ವಿಡಿಯೋ ಕಾಲಿನಲ್ಲಿ ಸುಮಾಳ ಮುಖ ಕಂಡದ್ದೇ ಆಂಟಿ ಹೇಳಿದರು, “ಸುಮಾ, ಬಿದ್ದೆ ಕಣೇ.”

“ವಾಟ್! ಎಲ್ಲಿ? ಫ್ರ್ಯಾಕ್ಚರ್ ಆಯ್ತಾ? ಡಾಕ್ಟರ್ ಹತ್ರ ಹೋದ್ರಾ?”

“ಕೈ ತರಚಿದೆ ಅಷ್ಟೆ. ಮಾತಿಗೆ ತಪ್ಪಲ್ಲ. ವುಡ್‌ಲ್ಯಾಂಡ್ಸಿಗೆ ಬರ್ತೀನಿ.” ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. “ಒಂದೇ ಒಂದು ಕೇಳ್ತೀನಿ. ಟಿಶ್ಯೂ ಪ್ಯಾಕೆಟ್ ಇಟ್ಟಿರೋ ಟೇಬಲ್‌ನಲ್ಲಿ ನೀನು ಯಾವತ್ತಾದ್ರೂ ಕೂತಿದೀಯಾ?”

“ಹೂ ವಿಲ್ ಸಿಟ್ ಲಾ? ಅದು ಚೋಪ್ ಆಗಿರತ್ತೆ.”

“ಇಟ್ಟೋರು ಅಲ್ಲಿರಲ್ವಲ್ಲ?”

“ವಾಪಸ್ ಬರ್ತಾರಲ್ಲಮ್ಮ.”

“ಅಷ್ಟೇ ನಾನು ಕೇಳೋದು. ಆ ಮನೆ ಮೇಲೆ ನನ್ನ ಪ್ಯಾಕೆಟ್ ಇದೆ ಅಂದ್ಕೋ. ನಾನು ನಿನ್ನ ಹತ್ರಾನೇ ಇರ್ತೀನಿ, ಮನೆ ಮಾತ್ರ ಮಾರ್ಬೇಡ. ನಾನಿರೋ ತನಕ ಅದನ್ನ ತೆಗೀಬೇಡ ಮಗೂ.”

ಸುಮಾ ಫೋನನ್ನು ಮುಖದ ಹತ್ತಿರಕ್ಕೆ ಹಿಡಿದಳು. ಆಮೇಲೆ, “ಯಾರು ಎತ್ತಿದ್ರು ನಿನ್ನ?” ಎಂದಳು.

“ನಾನೇ ಎದ್ದೆ. ಇವಳು ಫೋಟೋ ತೆಗೀತಿದ್ಲು.”

ನಾವು ವಾಪಸು ಬಂದೆವು. ಚಾಂಗಿ ವಿಮಾನ ನಿಲ್ದಾಣಕ್ಕೆ ಸುಮಾ ಕಾರು ತಂದಿದ್ದಳು. ತಾಯಿಯ ಅಂಗೈ ತಿರುಗಿಸಿ ನೋಡಿ, ಸೂಟ್‌ಕೇಸ್ ಎತ್ತಿಟ್ಟಳು. ವುಡ್‌ಲ್ಯಾಂಡ್ಸಿನ ರಸ್ತೆ ಬಂತು, ಹೋಯಿತು. ಕಾರು ಕಲ್ಲಾಂಗಿನ ಕಡೆಗೇ ಹೊರಟಿತು. ಹಿಂದಿನ ಸೀಟಿನಲ್ಲಿ ಆಂಟಿ ನನ್ನ ಕೈ ಹಿಡಿದುಕೊಂಡರು, ಬಿಡಲಿಲ್ಲ. ಮನೆ ಹೊಕ್ಕರೆ ಬಚ್ಚಲಿನ ಗೋಡೆಗೆ ಹೊಸ ಸ್ಟೀಲ್ ಕಂಬಿಗಳು, ನೆಲಕ್ಕೆ ಜಾರದ ಹಾಸು. “ದಿನಾ ಮಾರ್ನಿಂಗ್ ಶೂ ಫೋಟೋ ಕಳಿಸ್ಬೇಕು, ಓಕೆ? ಇಲ್ದಿದ್ರೆ ನಾನೇ ಬಂದು ಪ್ಯಾಕೆಟ್ ತೆಗೀತೀನಿ” ಎಂದಳು ಸುಮಾ. ಎದುರು ಮನೆಯಾಕೆ ಒಂದು ಕ್ಲಿಪ್ಪು ಕೇಳಿದವಳು, ಬೊಗಸೆ ತುಂಬ ಸಿಕ್ಕಿದ್ದನ್ನು ನೋಡಿ ಆಂಟಿಯನ್ನು ತಬ್ಬಿಕೊಂಡಳು.

ಆಮೇಲೆ ಕೆಲವು ಒಳ್ಳೆಯ ವರ್ಷಗಳು. ಭಾನುವಾರ ಸುಮಾ ಬಂದು ತಾಯಿಯ ಜೊತೆ ನಡೆಯತೊಡಗಿದಳು. ಒಂದು ಸಲ ಆಫೀಸಿನ ದಾರಿಯಲ್ಲಿ ಅವಳೇ ತಲೆಯೆತ್ತಿ, “ಲುಕ್, ಆ ಮನೇಲಿ ಗೆಸ್ಟ್ಸ್ ಬಂದಿದಾರೆ, ಟವೆಲ್ ಜಾಸ್ತಿ ಇದೆ” ಎಂದಾಗ ನಾನು ಬಿದ್ದು ಬಿದ್ದು ನಕ್ಕೆ.

ಆಂಟಿ ಹೋದ ಮೇಲೂ ಸುಮಾ ಆ ಮನೆಯನ್ನು ತಿಂಗಳುಗಟ್ಟಲೆ ಹಾಗೇ ಇಟ್ಟುಕೊಂಡಿದ್ದಳು. ಕೊನೆಗೂ ಮಾರಲೇಬೇಕಾಯಿತು. ಹೋದ ಶನಿವಾರ ಕೊಂಡವರು ಕೊನೆಯ ಸಲ ಮನೆ ನೋಡಲು ಬರುವವರಿದ್ದರು. ನಾನೂ ಜೊತೆಗೆ ಹೋಗಿದ್ದೆ. ಸಾಮಾನೆಲ್ಲ ಹೋಗಿ ಮನೆ ಬರಿದಾಗಿತ್ತು. ಸುಮಾ ಒಂದೊಂದು ಕೋಣೆಗೂ ಹೋಗಿ ಬಂದು, ಕೈಚೀಲದಿಂದ ಒಂದು ಟಿಶ್ಯೂ ಪ್ಯಾಕೆಟ್ ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಳು.

ಬಂದವರು ಇಲ್ಲಿಯವರೇ ಆದ ಎಳೆಯ ಚೀನೀ ದಂಪತಿ, ಹೊಸದಾಗಿ ಮದುವೆಯಾದವರು. ಹುಡುಗ ಕಿಟಕಿ ತೆರೆದು ಗಳ ಸಿಕ್ಕಿಸುವ ಕೊಳವೆಗಳನ್ನು ಬಗ್ಗಿ ನೋಡಿದ. ಹುಡುಗಿ ಅಡುಗೆಮನೆಯ ಒಳಗೆ ಹೆಜ್ಜೆ ಇಟ್ಟವಳು ಕಟ್ಟೆಯ ಮೇಲಿನ ಪ್ಯಾಕೆಟ್ ಕಂಡು ಅಲ್ಲೇ ನಿಂತಳು. ಈ ಊರಿನಲ್ಲಿ ಹುಟ್ಟಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಮುಟ್ಟಲಿಲ್ಲ, ಮುಂದೆಯೂ ಬರಲಿಲ್ಲ. ಸುಮಾಳ ಮುಖ ನೋಡಿ ಮೆಲ್ಲಗೆ ಕೇಳಿದಳು, “ಆಂಟಿ, ಸಮ್‌ಬಡಿ ಸಿಟ್ಟಿಂಗ್ ಹಿಯರ್ ಆ?”

ತಾಯಿ ಹೋದ ದಿನದಿಂದ ನನ್ನೆದುರು ಒಂದು ಸಲವೂ ಅಳದಿದ್ದ ಸುಮಾ ಮೊದಲು ನಕ್ಕಳು, ಆಮೇಲೆ ತಡೆಯದೆ ಅತ್ತಳು. ಪ್ಯಾಕೆಟ್ ಎತ್ತಿಕೊಂಡು ಒಡೆದು, ಒಂದು ಟಿಶ್ಯೂ ತೆಗೆದು ಕಣ್ಣೊರೆಸಿಕೊಂಡಳು. ಉಳಿದದ್ದನ್ನು ಹುಡುಗಿಯ ಮುಂದೆ ಹಿಡಿದಳು.

“ನೋ ಲಾ. ನೌ ಯೂ ಸಿಟ್.”

ಹುಡುಗಿ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡಳು.